ಹಣ ಕೊಟ್ಟ ಎರಡನೇ ಸೀಟು: ಬೆಂಗಳೂರು–ದೆಹಲಿ ವಿಮಾನಗಳಲ್ಲಿ ದೊಡ್ಡ ಮೈಯವರಿಗೆ ಸಿಗುವ ಸೇವೆ

ಕಳೆದ ಫೆಬ್ರವರಿಯಲ್ಲಿ ಅಕ್ಕನ ಮಗಳ ಮದುವೆಗೆಂದು ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದೆ. ಹೋಗುವಾಗ ಒಂದು ಸಂಸ್ಥೆಯ ವಿಮಾನ, ಬರುವಾಗ ಇನ್ನೊಂದರದು. ಎರಡು ಸಲವೂ ಹೊರಟವಳು ನಾನೊಬ್ಬಳೇ. ಎರಡು ಸಲವೂ ಪಕ್ಕಪಕ್ಕದ ಎರಡು ಸೀಟುಗಳಿಗೆ ಹಣ ಕೊಟ್ಟಿದ್ದೆ. ಒಂದು ಸೀಟಿನಲ್ಲಿ ನನ್ನ ಮೈ ಹಿಡಿಸುವುದಿಲ್ಲವಾದ್ದರಿಂದ ಮೂರು ವರ್ಷಗಳಿಂದ ಹೀಗೆಯೇ ಮಾಡುತ್ತ ಬಂದಿದ್ದೇನೆ. ವಿಮಾನದೊಳಗಿನ ತಿಂಡಿಯ ಬಗ್ಗೆ, ಹೊರಡುವ ಹೊತ್ತಿನ ಬಗ್ಗೆ, ಕಳೆದುಹೋದ ಪೆಟ್ಟಿಗೆಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳು ಸಿಗುತ್ತವೆ. ಆದರೆ ಹೆಚ್ಚುವರಿ ಸೀಟಿಗೆ ಹಣ ಕಟ್ಟಿದವರಿಗೆ ಆ ಸೀಟು ನಿಜವಾಗಿಯೂ ದಕ್ಕುತ್ತದೆಯೇ, ದಕ್ಕುವ ಮೊದಲು ಎಷ್ಟು ಜನರ ಮುಂದೆ ಎಷ್ಟು ಸಲ ವಿವರಣೆ ಕೊಡಬೇಕಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಈ ಬರಹ. ಸಂಸ್ಥೆಗಳ ಹೆಸರನ್ನು ಬರೆಯುವುದಿಲ್ಲ. ಮೊದಲನೆಯದು, ಎರಡನೆಯದು ಎಂದಷ್ಟೇ ಕರೆಯುತ್ತೇನೆ.

ನನ್ನ ಎತ್ತರ 5 ಅಡಿ 4 ಅಂಗುಲ, ತೂಕ 126 ಕಿಲೋ. ಈ ತೂಕಕ್ಕೆ ಕಾರಣವೇನೆಂದು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ. ವಿಮಾನದ ಮಟ್ಟಿಗೆ ಲೆಕ್ಕಕ್ಕೆ ಬರುವ ಅಳತೆ ಬೇರೆಯೇ ಇದೆ: ಕುಳಿತಾಗ ಸೊಂಟದ ಭಾಗ ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದು. ನಿಂತು ಸುತ್ತಳತೆ ತೆಗೆದರೆ ಇದು ತಿಳಿಯುವುದಿಲ್ಲ. ಬಸವನಗುಡಿಯ ನಮ್ಮ ಮನೆಯಲ್ಲಿ ಒಂದು ಬೆಂಚನ್ನು ಗೋಡೆಗೆ ತಾಗಿಸಿ, ಗೋಡೆಗೆ ಒತ್ತಿಕೊಂಡು ಕುಳಿತು, ಇನ್ನೊಂದು ಪಕ್ಕಕ್ಕೆ ಅಡುಗೆಮನೆಯ ಮಣೆಯನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯಿಂದ ಮಣೆಯವರೆಗಿನ ಅಂತರವನ್ನು ಹೊಲಿಗೆಯ ಟೇಪಿನಿಂದ ಅಮ್ಮನ ಕೈಯಲ್ಲಿ ಅಳೆಸಿದೆ. 21 ಅಂಗುಲ ಬಂತು. ಏರ್‌ಬಸ್ ಎ320ರ ಎಕಾನಮಿ ಸೀಟಿನ ಅಗಲ ಸುಮಾರು 18 ಅಂಗುಲ, ಬೋಯಿಂಗ್ 737ರದು ಸುಮಾರು 17. ಎ320 ವಿಮಾನದ ಒಳಗಿನ ಅಗಲ 3.70 ಮೀಟರ್, 737ರದು 3.54 ಮೀಟರ್, ಎರಡರಲ್ಲೂ ಅಷ್ಟರಲ್ಲೇ ಸಾಲಿಗೆ ಆರು ಸೀಟು ಮತ್ತು ನಡುವಿನ ಓಣಿ ಹಿಡಿಯಬೇಕಾದ್ದರಿಂದ ಈ ವ್ಯತ್ಯಾಸ. ಒಂದು ಅಂಗುಲ ಎಂದರೆ ಇತರರಿಗೆ ಏನೂ ಅಲ್ಲದಿರಬಹುದು, ನನ್ನಂಥವರಿಗೆ ಅದು ಎರಡೂವರೆ ಗಂಟೆಯ ನೋವು ಅಥವಾ ನೆಮ್ಮದಿ. ಹೀಗಿದ್ದೂ ನಾನು ಟಿಕೆಟ್ ಕೊಂಡ ದಿನ ಎರಡೂ ಸಂಸ್ಥೆಗಳ ಪುಟಗಳಲ್ಲಿ ಕಾಲು ಚಾಚುವ ಜಾಗದ ಬಗ್ಗೆ, ಅದಕ್ಕೆ ಕೊಡಬೇಕಾದ ಹೆಚ್ಚಿನ ಹಣದ ಬಗ್ಗೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತೇ ಹೊರತು ಸೀಟಿನ ಅಗಲ ಎಲ್ಲಿಯೂ ಕಾಣಲಿಲ್ಲ. ಗಾಂಧಿ ಬಜಾರಿನ ನಮ್ಮ ದರ್ಜಿ ಅಳತೆ ತೆಗೆದುಕೊಳ್ಳದೆ ಒಂದು ಕುಪ್ಪಸವನ್ನೂ ಹೊಲಿಯಲು ಒಪ್ಪುವುದಿಲ್ಲ. ಏಳೆಂಟು ಸಾವಿರ ರೂಪಾಯಿಗೆ ಸೀಟು ಮಾರುವವರು ಅದರ ಅಳತೆ ಹೇಳದಿರುವುದನ್ನು ನಾವೆಲ್ಲ ಹೇಗೆ ಒಪ್ಪಿಕೊಂಡಿದ್ದೇವೆ ಎಂಬುದು ನನಗೆ ಅರ್ಥವಾಗಿಲ್ಲ.

ಅಳತೆ ತಿಳಿಯದ್ದರಿಂದ ನಾನೇ ಒಮ್ಮೆ ಮೋಸಹೋಗಿದ್ದೇನೆ. ನಾಲ್ಕು ವರ್ಷದ ಹಿಂದೆ, ಎರಡು ಸೀಟು ಕೊಳ್ಳುವ ಪದ್ಧತಿ ಶುರುಮಾಡುವ ಮುನ್ನ, ವಿಶಾಲವಾಗಿರಬಹುದೆಂದು ನಂಬಿ ಹೆಚ್ಚು ಹಣ ಕೊಟ್ಟು ಮೊದಲ ಸಾಲಿನ ಸೀಟು ತೆಗೆದುಕೊಂಡಿದ್ದೆ. ಆ ಸಾಲಿನ ಮುಂದೆ ಬೇರೆ ಸೀಟು ಇಲ್ಲದ ಕಾರಣ ತಿಂಡಿಯಿಡುವ ಮಡಿಸುಹಲಗೆಯನ್ನು ಆರ್ಮ್‌ರೆಸ್ಟಿನ ಒಳಗೇ ಅಡಗಿಸಿರುತ್ತಾರೆ. ಅದರಿಂದ ಆರ್ಮ್‌ರೆಸ್ಟ್ ದಪ್ಪವಾಗಿ, ಮೇಲೆತ್ತಲು ಬಾರದಂತೆ ಗಟ್ಟಿಯಾಗಿ, ಕುಳಿತುಕೊಳ್ಳುವ ಜಾಗ ಹಿಂದಿನ ಸಾಲುಗಳಿಗಿಂತಲೂ ಕಿರಿದಾಗಿರುತ್ತದೆ. ಕಾಲಿಗೆ ಜಾಗ ಸಿಕ್ಕಿತು, ಕೂರಲು ಆಗಲಿಲ್ಲ. ತುರ್ತು ದ್ವಾರದ ಸಾಲಂತೂ ನಮಗೆ ಬೇಡವೇ ಬೇಡ, ಏಕೆಂದರೆ ಸೀಟಿನ ಬೆಲ್ಟ್ ಸಾಲದೆ ಅದಕ್ಕೆ ಜೋಡಿಸಿಕೊಳ್ಳುವ ಎಕ್ಸ್‌ಟೆನ್ಷನ್ ಬೆಲ್ಟ್ ಬಳಸುವವರನ್ನು ಸಾಮಾನ್ಯವಾಗಿ ಅಲ್ಲಿ ಕೂರಿಸುವುದಿಲ್ಲ. ಕಿಟಕಿಯ ಸೀಟಿನಲ್ಲಿ ವಿಮಾನದ ಗೋಡೆ ಒಳಕ್ಕೆ ಬಾಗುವುದರಿಂದ ಭುಜಕ್ಕೆ ಒತ್ತು ಬೀಳುತ್ತದೆ, ಆದರೂ ಓಣಿಯಲ್ಲಿ ಹೋಗಿಬರುವ ತಿಂಡಿಯ ಗಾಡಿ ಪ್ರತಿ ಸಲವೂ ಮೊಣಕೈಗೆ ಬಡಿಯುವುದು ತಪ್ಪುತ್ತದೆ. ಆದ್ದರಿಂದ ಈ ಸಲ ಹೋಗುವ ವಿಮಾನದಲ್ಲಿ 18ನೇ ಸಾಲಿನ ಕಿಟಕಿಯ ಎಫ್ ಮತ್ತು ಅದರ ಪಕ್ಕದ ಇ, ಇವೆರಡನ್ನು ಆರಿಸಿಕೊಂಡೆ.

ಆರಿಸಿಕೊಂಡೆ ಎಂದು ಒಂದೇ ಮಾತಿನಲ್ಲಿ ಹೇಳಿದೆನಾದರೂ ಅದಕ್ಕೆ ಹಿಡಿದದ್ದು ಒಂದು ಇಡೀ ಮಧ್ಯಾಹ್ನ. ಮೊದಲನೆಯ ಸಂಸ್ಥೆಯ ಪುಟದಲ್ಲಿ ಒಂದೇ ಹೆಸರಿಗೆ ಎರಡು ಸೀಟು ಕೊಳ್ಳುವ ದಾರಿ ನನಗೆ ಸಿಗಲಿಲ್ಲ. ಗ್ರಾಹಕ ಸೇವೆಗೆ ಕರೆ ಮಾಡಿ, ಮೂವರಿಗೆ ಮೊದಲಿನಿಂದ ಕಥೆ ಹೇಳಿ, ನಾಲ್ಕನೆಯವರು ಅದನ್ನು ಮಾಡಿಕೊಟ್ಟರು. ಹೆಚ್ಚುವರಿ ಸೀಟಿಗೆ ವಿಮಾನಯಾನದವರ ನಡುವೆ ಇಎಕ್ಸ್‌ಎಸ್‌ಟಿ ಎಂಬ ಸಂಕೇತವಿದೆ. ಎರಡನೆಯ ಟಿಕೆಟ್ಟಿನಲ್ಲಿ ನನ್ನ ಹೆಸರಿನ ಜೊತೆ ಆ ಅಕ್ಷರಗಳನ್ನು ಸೇರಿಸಿ, ಎರಡನ್ನೂ ಒಂದೇ ಪಿಎನ್‌ಆರ್‌ಗೆ ತಂದರು. ಮೊದಲ ಸೀಟಿಗೆ 7,460 ರೂಪಾಯಿ, ಎರಡನೆಯದಕ್ಕೆ ನಿಲ್ದಾಣದ ಶುಲ್ಕಗಳನ್ನು ಬಿಟ್ಟು 6,380 ರೂಪಾಯಿ ಆಯಿತು. ಎರಡೂ ಸೀಟುಗಳು ಪಕ್ಕಪಕ್ಕದಲ್ಲೇ ಇರಬೇಕಾದರೆ ಸೀಟು ಆಯ್ಕೆಯ ಶುಲ್ಕವನ್ನು ತಲಾ 350 ರೂಪಾಯಿಯಂತೆ ಎರಡು ಸಲ ಕೊಡಬೇಕೆಂದರು. ಒಬ್ಬಳೇ ಕೂರುವ ಎರಡು ಸೀಟುಗಳು ಬೇರೆ ಬೇರೆ ಸಾಲಿನಲ್ಲಿದ್ದರೆ ಅವುಗಳಿಂದ ಪ್ರಯೋಜನವೇನು ಎಂದು ಕೇಳಿದಾಗ, ನಿಯಮ ಹಾಗಿದೆ ಎಂಬ ಉತ್ತರ ಬಂತು. ಒಟ್ಟು 14,540 ರೂಪಾಯಿ ಕೊಟ್ಟೆ. ಈ ಹಣದ ಬಗ್ಗೆ ನನ್ನ ತಕರಾರು ಇಷ್ಟೇ: ಸೀಟು ಆಯ್ಕೆಯ ಎರಡನೇ ಶುಲ್ಕ ಅನ್ಯಾಯ. ಉಳಿದದ್ದನ್ನು ಕೊಡಲು ನಾನು ತಯಾರಿದ್ದೇ ಹೋದವಳು.

ಹೊರಡುವ ದಿನ ಬನಶಂಕರಿಯಿಂದ ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿಗೆ ಹೋಗಿ, ಹೊತ್ತಿಗೆ ಎರಡು ಗಂಟೆ ಮುಂಚೆಯೇ ಕೌಂಟರಿನ ಮುಂದೆ ನಿಂತೆ. ಕೌಂಟರಿನಲ್ಲಿದ್ದ ಯುವಕ ಪರದೆಯನ್ನು ನೋಡಿ, ನನ್ನನ್ನು ನೋಡಿ, "ಇನ್ನೊಬ್ಬ ಪ್ಯಾಸೆಂಜರ್ ಎಲ್ಲಿ ಮೇಡಂ?" ಎಂದು ಕೇಳಿದರು. ಎರಡೂ ಸೀಟು ನನಗೇ ಎಂದೆ. ಅವರಿಗೆ ಕೇಳಿಸಿದರೂ ಹಿಡಿಸಲಿಲ್ಲ. ಮೂರು ಕೌಂಟರ್ ಆಚೆಗಿದ್ದ ಸಹೋದ್ಯೋಗಿಗೆ ಕೂಗಿ, ಒಬ್ಬರೇ ಎರಡು ಸೀಟು ತಗೊಂಡಿದ್ದಾರೆ, ಏನು ಮಾಡಬೇಕು ಎಂದು ವಿಚಾರಿಸಿದರು. ನನ್ನ ಹಿಂದೆ ಇಪ್ಪತ್ತು ಜನರ ಸಾಲಿತ್ತು. ಎಲ್ಲರೂ ಒಮ್ಮೆ ನನ್ನತ್ತ ನೋಡಿ, ಕಾರಣವೇನೆಂದು ತಾವೇ ಕಂಡುಕೊಂಡು, ಮುಖ ತಿರುಗಿಸಿದರು. ಆ ಯುವಕನಲ್ಲಿ ಕೆಟ್ಟತನವಿರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಆದರೆ ಹೇಳಿಕೊಡದಿರುವುದು ಸಂಸ್ಥೆಯ ತಪ್ಪು, ಮತ್ತು ಅದರ ಬೆಲೆಯನ್ನು ತೆತ್ತವಳು ಸಾಲಿನ ಮುಂದೆ ನಿಂತಿದ್ದ ನಾನು. ಹತ್ತು ನಿಮಿಷದ ನಂತರ ಎರಡು ಬೋರ್ಡಿಂಗ್ ಪಾಸುಗಳು ಕೈಗೆ ಬಂದವು.

ಮುಂದೆ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಎರಡು ಸೀಟು ಕೊಳ್ಳುವ ಯಾರಿಗಾದರೂ ಇದೇ ಜಾಗದಲ್ಲಿ ಪೆಟ್ಟು ಬೀಳಬಹುದು. ಗೇಟಿನಲ್ಲಿದ್ದ ಯುವತಿ ಒಂದು ಪಾಸನ್ನು ಯಂತ್ರಕ್ಕೆ ಹಿಡಿದು, ಇನ್ನೊಂದನ್ನು ಹಾಗೆಯೇ ನನ್ನ ಕೈಗೆ ವಾಪಸು ಕೊಟ್ಟರು.

"ಇದನ್ನೂ ಸ್ಕ್ಯಾನ್ ಮಾಡಮ್ಮ, ಇಲ್ಲದಿದ್ದರೆ ಆ ಸೀಟಿನವರು ಬಂದಿಲ್ಲ ಅಂತ ತೋರಿಸುತ್ತೆ."

"ಒಬ್ಬರೇ ಅಲ್ವಾ ಮೇಡಂ ಹೋಗ್ತಿರೋದು? ಒಂದೇ ಸಾಕು. ಹಿಂದೆ ಜನ ಇದ್ದಾರೆ, ದಯವಿಟ್ಟು ಮುಂದೆ ಹೋಗಿ."

ನಾನು ಹೋದೆ. ಅಲ್ಲಿಯೇ ನಿಂತು ಹಟ ಹಿಡಿಯಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಕೌಂಟರಿನ ಮುಂದೆ ಆಗಲೇ ಒಮ್ಮೆ ಎಲ್ಲರ ಕಣ್ಣಿಗೆ ಬಿದ್ದಿದ್ದವಳಿಗೆ ಮತ್ತೊಮ್ಮೆ ಸಾಲನ್ನು ತಡೆಯುವ ಶಕ್ತಿ ಇರಲಿಲ್ಲ. ಒಳಗೆ ಹೋಗಿ, ಇ ಮತ್ತು ಎಫ್ ನಡುವಿನ ಆರ್ಮ್‌ರೆಸ್ಟನ್ನು ಮೇಲೆತ್ತಿ ಕುಳಿತು, ಗಗನಸಖಿಯೊಬ್ಬರನ್ನು ಕರೆದು ಎಕ್ಸ್‌ಟೆನ್ಷನ್ ಬೆಲ್ಟ್ ಬೇಕೆಂದು ಮೆಲ್ಲಗೆ ಕೇಳಿದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಸಿಬ್ಬಂದಿ ಆ ಬೆಲ್ಟನ್ನು ಬಾವುಟದಂತೆ ಎತ್ತಿ ಹಿಡಿದು, ಯಾರು ಕೇಳಿದ್ದು ಎಂದು ಸಾಲುಸಾಲಿಗೂ ವಿಚಾರಿಸುತ್ತ ಬಂದರು. ಅದನ್ನು ತೆಗೆದುಕೊಂಡು ಸಿಕ್ಕಿಸಿಕೊಳ್ಳುತ್ತಿರುವಾಗ ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗ ಓಡುತ್ತ ಬಂದು, ತನ್ನ ಪಾಸನ್ನೂ ಸೀಟಿನ ಸಂಖ್ಯೆಯನ್ನೂ ಎರಡೆರಡು ಸಲ ನೋಡಿ, "ಆಂಟಿ, ಇದು 18ಇ ಅಲ್ವಾ?" ಎಂದ. ಅವನ ಪಾಸಿನಲ್ಲಿಯೂ 18ಇ ಎಂದೇ ಇತ್ತು. ಗೇಟಿನ ಲೆಕ್ಕದಲ್ಲಿ ಆ ಸೀಟಿನ ಪ್ರಯಾಣಿಕರು ಬಂದಿರಲಿಲ್ಲವಾದ್ದರಿಂದ ಅದನ್ನು ಕಾಯುವ ಪಟ್ಟಿಯಲ್ಲಿದ್ದ ಈ ಹುಡುಗನಿಗೆ ಕೊಟ್ಟಿದ್ದರು.

ಗೇಟಿನಿಂದ ಮೇಲ್ವಿಚಾರಕರು ಬಂದರು. "ಸಿಸ್ಟಮ್‌ನಲ್ಲಿ ಆ ಸೀಟಿನವರು ಬಂದಿಲ್ಲ ಅಂತ ಇದೆ ಮೇಡಂ" ಎಂದರು. "ಬಂದಿದ್ದೇನೆ, 18ಇ ಕೂಡ ನಾನೇ" ಎಂದು ಎರಡೂ ಪಾಸುಗಳನ್ನು ತೋರಿಸಿದೆ. ವಿಮಾನ ತುಂಬಿದೆ, ಸ್ವಲ್ಪ ಹೊಂದಿಸಿಕೊಳ್ಳಿ, ಆಗದಿದ್ದರೆ ಮುಂದಿನ ವಿಮಾನಕ್ಕೆ ಹಾಕಿಕೊಡುತ್ತೇವೆ ಎಂದರು. ದೃಢಪಟ್ಟ ಟಿಕೆಟ್ ಇದ್ದವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಬಿಟ್ಟುಹೋದರೆ ಪರಿಹಾರ ಕೊಡಬೇಕೆಂಬ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾಡಿದೆ. ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದೆ 24 ಗಂಟೆಯೊಳಗೆ ಕೊಟ್ಟರೆ ಒಂದು ಬದಿಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, 10,000 ರೂಪಾಯಿ ಮೀರದಂತೆ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, 20,000 ರೂಪಾಯಿ ಮೀರದಂತೆ. ಈ ನಿಯಮ ನನಗೆ ಗೊತ್ತಿತ್ತು. ಆದರೆ ಅಂದು ಸಂಜೆಯೇ ವರಪೂಜೆ. ಅಕ್ಕ ನಾಲ್ಕು ಸಲ ಫೋನ್ ಮಾಡಿಯಾಗಿತ್ತು. ಇಳಿದುಹೋದರೆ ಮೊದಲ ಶಾಸ್ತ್ರವೇ ತಪ್ಪುತ್ತದೆ. ಉಳಿದೆ.

ವಿಮಾನ ಏರುವಾಗ ಮತ್ತು ಇಳಿಯುವಾಗ ಆರ್ಮ್‌ರೆಸ್ಟ್ ಕೆಳಗಿರಬೇಕೆಂದು ಸಿಬ್ಬಂದಿ ಹೇಳಿದ್ದರಿಂದ ಅದನ್ನು ಒತ್ತಿ ಇಳಿಸಿದೆವು. ಅದು ತೊಡೆಯ ಮೇಲೆ ಊರಿದ ಗುರುತು ಮದುವೆ ಮುಗಿದ ಮೇಲೂ ಹಸಿರುಗಟ್ಟಿಕೊಂಡೇ ಇತ್ತು. ಮೇಲೆ ಹೋದ ನಂತರ ಎತ್ತಿದಾಗ ನನ್ನ ಮೈಯ ಎರಡು ಮೂರು ಅಂಗುಲ ಆ ಹುಡುಗನ ಜಾಗಕ್ಕೆ ಹೋಯಿತು. ಅವನು ಓಣಿಯ ಕಡೆಗೆ ವಾಲಿಕೊಂಡು, ಮಡಿಲಲ್ಲಿದ್ದ ಫೈಲನ್ನು ಎದೆಗವಚಿಕೊಂಡು, ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಕುಳಿತಿದ್ದ. ಮರುದಿನ ಬೆಳಿಗ್ಗೆ ಯಾವುದೋ ಕೆಲಸದ ಸಂದರ್ಶನಕ್ಕೆಂದು ಹೊರಟಿದ್ದವನು. ನಾನು ಕ್ಷಮೆ ಕೇಳಿದಾಗ, "ಪರವಾಗಿಲ್ಲ ಬಿಡಿ ಆಂಟಿ, ನಿಮ್ಮದೇನೂ ತಪ್ಪಿಲ್ಲ" ಎಂದ. ತಪ್ಪು ಅವನದೂ ಇರಲಿಲ್ಲ. ಅವನು ಒಂದು ಸೀಟಿಗೆ ಪೂರ್ತಿ ಹಣ ಕೊಟ್ಟು ಮುಕ್ಕಾಲು ಸೀಟು ಪಡೆದ, ನಾನು ಎರಡಕ್ಕೆ ಕೊಟ್ಟು ಒಂದೂಕಾಲು ಪಡೆದೆ. ಒಂದೇ ಸೀಟಿಗೆ ಎರಡು ಸಲ ಹಣ ಪಡೆದ ಸಂಸ್ಥೆಗೆ ಮಾತ್ರ ಯಾವ ನಷ್ಟವೂ ಆಗಲಿಲ್ಲ.

ಪಕ್ಕದವರ ಹಕ್ಕನ್ನು ನಾನು ಯಾವತ್ತೂ ಅಲ್ಲಗಳೆದವಳಲ್ಲ. ಅವರ ಸೀಟಿನ ಅಗಲ ಅವರದು. ಎರಡು ಸೀಟು ಕೊಳ್ಳಲು ತೊಡಗಿದ್ದೇ ಆ ಕಾರಣಕ್ಕೆ. ನಾನು ಒಪ್ಪದಿರುವುದು ಇನ್ನೊಂದು ವಾದವನ್ನು: ಪೆಟ್ಟಿಗೆ 15 ಕಿಲೋ ದಾಟಿದರೆ ಕಿಲೋ ಲೆಕ್ಕದಲ್ಲಿ ಹಣ ಪಡೆಯುವವರು ಮನುಷ್ಯರಿಗೂ ತೂಕದ ಮೇಲೆ ದರ ಹಾಕಬೇಕು ಎಂಬುದನ್ನು. ಕಚೇರಿಯಲ್ಲಿಯೂ ನೆಂಟರ ಮನೆಯಲ್ಲಿಯೂ ಈ ಮಾತನ್ನು ನನ್ನೆದುರಿಗೇ ಆಡಿದವರಿದ್ದಾರೆ. ತೂಕದ ಲೆಕ್ಕ ವಿಮಾನಕ್ಕೆ ಮುಖ್ಯವೆಂಬುದು ನಿಜ, ಚಿಕ್ಕ ವಿಮಾನಕ್ಕಂತೂ ಜೀವದ ಪ್ರಶ್ನೆ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ 19 ಸೀಟಿನ ವಿಮಾನವೊಂದು ಏರುತ್ತಲೇ ಬಿದ್ದು 21 ಜನ ಸತ್ತರು. ಬಾಲದ ನಿಯಂತ್ರಣದ ದುರಸ್ತಿಯಲ್ಲಿ ಆಗಿದ್ದ ತಪ್ಪಿನ ಜೊತೆಗೆ, ಪ್ರಯಾಣಿಕರ ಸರಾಸರಿ ತೂಕವನ್ನು ವಾಸ್ತವಕ್ಕಿಂತ ಕಡಿಮೆ ಹಿಡಿದದ್ದೂ ತನಿಖೆಯಲ್ಲಿ ಹೊರಬಂತು. ಸಮೋವ ದ್ವೀಪದ ಸಮೋವ ಏರ್ 2013ರ ಹೊತ್ತಿಗೆ ಕಿಲೋ ಲೆಕ್ಕದಲ್ಲಿ ಟಿಕೆಟ್ ಮಾರಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅವರು ಹಾರಿಸುತ್ತಿದ್ದದ್ದೂ ಬೆರಳೆಣಿಕೆಯ ಸೀಟುಗಳ ಪುಟ್ಟ ವಿಮಾನಗಳನ್ನೇ. ನಾವು ದೆಹಲಿಗೆ ಹೋಗುವ ಎ320ನಿಯೋ ಗರಿಷ್ಠ 79 ಟನ್ ಭಾರದೊಂದಿಗೆ ಏರಬಲ್ಲದು. ಇಂಥ ವಿಮಾನಗಳಿಗೆ ಎಲ್ಲ ಕಡೆಯೂ ಸರಾಸರಿಯನ್ನೇ ಹಿಡಿಯುತ್ತಾರೆ. ಯೂರೋಪಿನ ನಿಯಮದಲ್ಲಿ ಅದು ಕೈಚೀಲವೂ ಸೇರಿ ಒಬ್ಬ ವಯಸ್ಕರಿಗೆ 84 ಕಿಲೋ. ನನ್ನ ಹೆಚ್ಚಿನ 40 ಕಿಲೋ ನಾಲ್ಕನೇ ಸಾಲಿನಲ್ಲಿ ಅಪ್ಪನ ಪಕ್ಕ ಕುಳಿತ ಮಗುವಿನಿಂದ ಸರಿದೂಗುತ್ತದೆ. ಇಲ್ಲಿ ಸಾಲದೆ ಬರುವುದು ಅಂಗುಲ, ಕಿಲೋ ಅಲ್ಲ. ಅಗಲ ಭುಜದ ಆರೂವರೆ ಅಡಿಯ ಕುಸ್ತಿಪಟುವಿಗೂ ಇದೇ ಸೀಟು ಸಾಲುವುದಿಲ್ಲ, ಅವರಿಗೆ ಮಾತ್ರ ಯಾರೂ ತಕ್ಕಡಿ ತೋರಿಸುವುದಿಲ್ಲ.

ತೂಕ ನೋಡಲೇಬೇಕಾದಾಗಲೂ ಮಾನ ಉಳಿಸಿ ನೋಡಬಹುದು. 2023ರಲ್ಲಿ ಏರ್ ನ್ಯೂಜಿಲೆಂಡ್ ಆಕ್ಲೆಂಡ್‌ನಲ್ಲಿ ಅಂತರರಾಷ್ಟ್ರೀಯ ಪ್ರಯಾಣಿಕರ ಸರಾಸರಿ ತಿಳಿಯಲು ತೂಕ ತೆಗೆದಾಗ, ಅಂಕಿ ಯಾರ ಕಣ್ಣಿಗೂ ಬೀಳದಂತೆ, ಹೆಸರಿನ ಜೊತೆ ಸೇರದಂತೆ ಏರ್ಪಾಡು ಮಾಡಿತ್ತು. 2024ರ ಫೆಬ್ರವರಿಯಲ್ಲಿ ಫಿನ್‌ಏರ್ ಹೆಲ್ಸಿಂಕಿಯಲ್ಲಿ ತಾವಾಗಿ ಮುಂದೆ ಬಂದವರನ್ನಷ್ಟೇ ತೂಗಿತು.

ಮದುವೆಮನೆಯಲ್ಲಿ ಕೆನಡಾದಿಂದ ಬಂದಿದ್ದ ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಹೇಳಿದೆ. "ಅಕ್ಕ, ನಮ್ಮಲ್ಲಿ ಇದಕ್ಕೆ ಕಾನೂನೇ ಇದೆ" ಎಂದ. ಊರಿಗೆ ಬಂದ ಮೇಲೆ ಓದಿ ನೋಡಿದೆ. ಕೆನಡಾದ ಸಾರಿಗೆ ಪ್ರಾಧಿಕಾರ 2008ರ ಜನವರಿ 10ರಂದು ಕೊಟ್ಟ ತೀರ್ಪಿನ ಪ್ರಕಾರ, ಅಂಗವೈಕಲ್ಯದ ಕಾರಣದಿಂದ ಹೆಚ್ಚುವರಿ ಸೀಟು ಬೇಕಾದವರಿಂದ ದೇಶದೊಳಗಿನ ವಿಮಾನಗಳಲ್ಲಿ ಎರಡನೇ ಸೀಟಿಗೆ ಹಣ ಪಡೆಯುವಂತಿಲ್ಲ. ಸ್ಥೂಲಕಾಯದಿಂದಾಗಿ ಕ್ರಿಯಾಶಕ್ತಿ ಕುಂದಿದವರೂ ಇದರಲ್ಲಿ ಸೇರುತ್ತಾರೆ. ಒಬ್ಬರಿಗೆ ಒಂದೇ ದರ ಎಂದು ಅದನ್ನು ಕರೆಯುತ್ತಾರೆ. ಸಂಸ್ಥೆಗಳು ಮೇಲಿನ ನ್ಯಾಯಾಲಯಗಳವರೆಗೆ ಹೋದವು, ಆ ವರ್ಷದ ನವೆಂಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು, 2009ರ ಜನವರಿಯಿಂದ ನಿಯಮ ಜಾರಿಗೆ ಬಂತು. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಬಹಳ ಕಾಲ ಎರಡನೇ ಸೀಟಿನ ಹಣವನ್ನು ಪ್ರಯಾಣದ ನಂತರ ಹಿಂದಿರುಗಿಸುತ್ತಿತ್ತು. 2026ರ ಜನವರಿ 27ರಿಂದ ಅನ್ವಯವಾಗುವಂತೆ ಅದನ್ನು ಬಿಗಿಗೊಳಿಸಿ, ಮುಂಚಿತವಾಗಿಯೇ ಕೊಳ್ಳಬೇಕು, ವಿಮಾನದಲ್ಲಿ ಒಂದಾದರೂ ಸೀಟು ಖಾಲಿ ಉಳಿದಿದ್ದರೆ ಮಾತ್ರ ಹಣ ವಾಪಸು ಎಂದು ಮಾಡಿತು. ಏರ್ ಫ್ರಾನ್ಸ್ ಎರಡನೇ ಸೀಟಿಗೆ ನೂರಕ್ಕೆ 25ರಷ್ಟು ರಿಯಾಯಿತಿ ಕೊಡುತ್ತದೆ. ಇವುಗಳಲ್ಲಿ ಯಾವುದು ಹೆಚ್ಚು ನ್ಯಾಯ ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು, ಇವೆಲ್ಲ ಬರೆದಿಟ್ಟ ನಿಯಮಗಳು ಎಂಬುದು. ಪ್ರಯಾಣಿಕರು ಮನೆಯಲ್ಲಿ ಕುಳಿತು ಓದಿ, ಎಷ್ಟು ಖರ್ಚಾಗುತ್ತದೆಂದು ಲೆಕ್ಕಹಾಕಿ, ಯಾರ ಮುಂದೆಯೂ ಬಾಯಿಬಿಡದೆ ಟಿಕೆಟ್ ಕೊಳ್ಳಬಹುದು. ನಮ್ಮ ದೇಶದಲ್ಲೂ ಇದು ಆಗದ ಕೆಲಸವೇನಲ್ಲ. ಕೊರೋನಾ ಕಾಲದಲ್ಲಿ, 2020ರ ಜುಲೈನಲ್ಲಿ, ಪಕ್ಕದಲ್ಲಿ ಯಾರೂ ಕೂರದಿರಲೆಂದು ಬಯಸುವವರಿಗಾಗಿ ಇಂಡಿಗೋ ಒಬ್ಬರ ಹೆಸರಿಗೇ ಎರಡು ಸೀಟು ಮಾರಲು ತೊಡಗಿತ್ತು. ಎರಡನೆಯದಕ್ಕೆ ಶೇಕಡ 25ರವರೆಗೆ ರಿಯಾಯಿತಿಯನ್ನೂ ಪ್ರಕಟಿಸಿತ್ತು. ಸೋಂಕಿನ ಭಯಕ್ಕೆ ಮಾಡಬಹುದಾದದ್ದನ್ನು ಸೊಂಟದ ಅಗಲಕ್ಕೂ ಮಾಡಬಹುದು.

ಭಾರತದಲ್ಲಿ ಕಾನೂನಿನ ಆಸರೆ ಕಡಿಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಸ್ಥೂಲಕಾಯ ಇಲ್ಲ. ನನ್ನನ್ನು ಅಂಗವಿಕಲೆ ಎಂದು ಕರೆಯಬೇಕೆಂದು ನಾನು ಕೇಳುತ್ತಲೂ ಇಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 24, ಗಂಡಸರಲ್ಲಿ ಶೇಕಡ 22.9 ಮಂದಿ ಅಧಿಕ ತೂಕದವರೆಂದು ಕಂಡುಬಂದಿದೆ. ಅವರೆಲ್ಲರಿಗೂ ಎರಡು ಸೀಟು ಬೇಕಿಲ್ಲ. ಸೀಟಿನ ಅಗಲ ತಿಳಿಯಬೇಕೆಂಬ ಆಸೆ ಬಹಳಷ್ಟು ಜನರಿಗೆ ಇದ್ದೇ ಇರುತ್ತದೆ.

ಇನ್ನು ವಾಪಸು ಬಂದ ವಿಮಾನ. ಎರಡನೆಯ ಸಂಸ್ಥೆಯಲ್ಲಿಯೂ ಕರೆ ಮಾಡಿಯೇ ಸೀಟು ಪಡೆಯಬೇಕಾಯಿತು, ನಲವತ್ತು ನಿಮಿಷ ಕಾಯಬೇಕಾಯಿತು, ದರದಲ್ಲಿ ಒಂದು ರೂಪಾಯಿಯ ರಿಯಾಯಿತಿಯೂ ಇರಲಿಲ್ಲ. ಆದರೆ ಸೀಟು ಆಯ್ಕೆಯ ಶುಲ್ಕವನ್ನು ಒಂದೇ ಸಲ ಪಡೆದರು, ಎಕ್ಸ್‌ಟೆನ್ಷನ್ ಬೆಲ್ಟ್ ಬೇಕೇ ಎಂದು ತಾವೇ ಕೇಳಿ ಬರೆದುಕೊಂಡರು. ದೆಹಲಿಯ ಕೌಂಟರಿನಲ್ಲಿದ್ದ ಮಹಿಳೆ ಪರದೆ ನೋಡಿ ತಲೆಯಾಡಿಸಿ ಎರಡು ಪಾಸುಗಳನ್ನು ಒಟ್ಟಿಗೆ ಪಿನ್ ಮಾಡಿ ಕೊಟ್ಟರು. ಗೇಟಿನಲ್ಲಿ ಎರಡು ಸಲ ಯಂತ್ರದ ಸದ್ದು ಕೇಳಿಸಿತು. ಓಣಿಯ ಪಕ್ಕದ ನನ್ನ ಸೀಟಿಗೆ ಬಂದಾಗ ಎಕ್ಸ್‌ಟೆನ್ಷನ್ ಬೆಲ್ಟನ್ನು ಸುರುಳಿ ಸುತ್ತಿ ಮುಂದಿನ ಸೀಟಿನ ಜೇಬಿನಲ್ಲಿ, ಸುರಕ್ಷತಾ ಚೀಟಿಯ ಹಿಂದೆ, ಆಗಲೇ ಇಟ್ಟಿದ್ದರು. ಹಿರಿಯ ಗಗನಸಖಿಯೊಬ್ಬರು ಹತ್ತಿರ ಬಂದು ಬಗ್ಗಿ, ಓಣಿಯ ಬದಿಯ ಆರ್ಮ್‌ರೆಸ್ಟಿನ ಅಡಿಯಲ್ಲಿ, ಅದು ಸೀಟಿಗೆ ಸೇರುವ ಕಡೆ, ಬೆರಳಿಗೆ ಮಾತ್ರ ಸಿಗುವಂಥ ಪುಟ್ಟ ಕೀಲೊಂದನ್ನು ತೋರಿಸಿದರು. ಅದನ್ನು ಒತ್ತಿ ಹಿಡಿದರೆ ಆ ಆರ್ಮ್‌ರೆಸ್ಟೂ ಮೇಲೇಳುತ್ತದೆ. ಕೂರುವಾಗ, ಏಳುವಾಗ ಮೈ ತುರುಕಿಸಿಕೊಳ್ಳಬೇಕಾಗಿಲ್ಲ. ಇಷ್ಟು ವರ್ಷ ಹಾರಾಡಿದ ನನಗೆ ಇದು ಗೊತ್ತೇ ಇರಲಿಲ್ಲ. ಎಲ್ಲ ವಿಮಾನಗಳಲ್ಲೂ ಇರುವುದಿಲ್ಲವಾದರೂ ಬಹಳಷ್ಟರಲ್ಲಿ ಇರುತ್ತದೆ ಎಂದು ಅವರೇ ಹೇಳಿದರು. ವಿಮಾನ ಏರಿದ ಮೇಲೆ ನಾನು ಕಣ್ಣು ಮುಚ್ಚಿ ಕುಳಿತೆ. ಮೈಯನ್ನು ಬಿಗಿಹಿಡಿಯದೆ ವಿಮಾನದಲ್ಲಿ ಕುಳಿತದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಅಂಕ ಕೊಡುವುದಾದರೆ ಎರಡನೆಯ ಸಂಸ್ಥೆಗೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ದರಕ್ಕೂ, ಪುಟದಲ್ಲಿ ಸೀಟಿನ ಅಗಲ ಬರೆಯದ್ದಕ್ಕೂ. ಮೊದಲನೆಯದಕ್ಕೆ ಒಂದು. ಅದನ್ನೂ ಗ್ರಾಹಕ ಸೇವೆಯ ಆ ನಾಲ್ಕನೆಯ ಹೆಣ್ಣುಮಗಳ ತಾಳ್ಮೆಗಾಗಿ ಕೊಡುತ್ತಿದ್ದೇನೆ.

ಊರಿಗೆ ಬಂದ ಮರುದಿನವೇ ಎರಡೂ ಬೋರ್ಡಿಂಗ್ ಪಾಸುಗಳ ಚಿತ್ರ ಸೇರಿಸಿ ಮೊದಲನೆಯ ಸಂಸ್ಥೆಗೆ ಬರೆದೆ. ಎರಡೂ ಸೀಟುಗಳಿಗೆ ಪಾಸ್ ನೀಡಲಾಗಿದೆ, ಆದ್ದರಿಂದ ಮರುಪಾವತಿ ಸಾಧ್ಯವಿಲ್ಲ ಎಂಬ ಉತ್ತರ ಆರನೇ ದಿನ ಬಂತು. ಆಮೇಲೆ ಪ್ರಯಾಣಿಕರ ದೂರುಗಳಿಗೆಂದು ವಿಮಾನಯಾನ ಸಚಿವಾಲಯ ನಡೆಸುವ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿದೆ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುವುದೆಂದು ಅರ್ಜಿಯ ಕರಡನ್ನೂ ಬರೆದಿಟ್ಟುಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂಸ್ಥೆಯ ಕಚೇರಿ ಎಲ್ಲಿಯೇ ಇರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಸಲ್ಲಿಸಬೇಕು. ಸಲಹೆ ಬೇಕಾದವರಿಗೆ 1915 ಎಂಬ ಸಹಾಯವಾಣಿ ಇದೆ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಏರ್‌ಸೇವಾದ ದೂರಿನ 31ನೇ ದಿನ 6,380 ರೂಪಾಯಿ ಬ್ಯಾಂಕಿಗೆ ಬಂತು. ಕೊಂಡರೂ ದಕ್ಕದ 18ಇ ಸೀಟಿನ ಆಯ್ಕೆಯ 350 ರೂಪಾಯಿ ಬಂದಿಲ್ಲ. ಅದಕ್ಕಾಗಿ ಮತ್ತೆ ಬರೆದಿದ್ದೇನೆ, ಗೇಟಿನ ಸಿಬ್ಬಂದಿಗೆ ಎರಡು ಪಾಸುಗಳನ್ನೂ ಸ್ಕ್ಯಾನ್ ಮಾಡಬೇಕೆಂದು ಲಿಖಿತವಾಗಿ ತಿಳಿಸಿದ್ದೀರಾ ಎಂದೂ ಕೇಳಿದ್ದೇನೆ.

ಎರಡು ಸೀಟು ಕೊಳ್ಳುವವರು ಒಂದನ್ನು ಮಾತ್ರ ಮರೆಯಬೇಡಿ. ಗೇಟಿನಲ್ಲಿ ಎರಡನೇ ಪಾಸಿಗೂ ಯಂತ್ರದ ಸದ್ದು ಬರುವವರೆಗೆ ಅಲ್ಲಿಂದ ಕದಲಬೇಡಿ, ಹಿಂದೆ ಎಷ್ಟೇ ಉದ್ದದ ಸಾಲಿರಲಿ. ಅಕ್ಕನ ಮಗಳ ಸೀಮಂತಕ್ಕೆ ನಾನು ಮತ್ತೆ ದೆಹಲಿಗೆ ಹೋಗಬೇಕಾಗಿದೆ. ಈ ಸಲ ಹೋಗುವುದಕ್ಕೂ ಬರುವುದಕ್ಕೂ ಎರಡನೆಯ ಸಂಸ್ಥೆಯಲ್ಲಿಯೇ ಸೀಟು ಕಾದಿರಿಸಿದ್ದೇನೆ: 21ಸಿ ಮತ್ತು 21ಬಿ.